ಸಾಪೇಕ್ಷ ಅಂದ್ರೆ ಏನು ಸಾರ್?

ಕಳೆದ ಫೆಬ್ರವರಿ 28ರಂದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಹೋಗಿದ್ದೆ. ರಾಷ್ಟ್ರೀಯ ವಿಜ್ಞಾನ ದಿನದ ಕಾರ್ಯಕ್ರಮ. ಸರ್ ಸಿ.ವಿ. ರಾಮನ್ ಫೋಟೋಗೆ ಹಾರ, ಪ್ರಾರ್ಥನೆ, ಸ್ವಾಗತ, ಸನ್ಮಾನ ಎಲ್ಲಾ ಮುಗಿದ ಮೇಲೆ ಮುಖ್ಯ ಅತಿಥಿಗಳು ಮೈಕ್ ಹಿಡಿದರು.

"ಐನ್‌ಸ್ಟೈನ್ ಎಂಬ ಮಹಾನ್ ವಿಜ್ಞಾನಿ ಏನು ಹೇಳಿದ? ಎಲ್ಲವೂ ಸಾಪೇಕ್ಷ ಅಂತ ಹೇಳಿದ. ಸುಖ ಸಾಪೇಕ್ಷ, ದುಃಖ ಸಾಪೇಕ್ಷ, ಸರಿ ತಪ್ಪು ಎಲ್ಲಾ ಸಾಪೇಕ್ಷ. ಇದನ್ನು ನಮ್ಮ ಹಿರಿಯರು ಎಂದೋ ಹೇಳಿದ್ದರು."

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಸಾಪೇಕ್ಷ ಅಂದ್ರೆ ಏನು ಸಾರ್?"

ಅತಿಥಿಗಳು ನಕ್ಕರು. "ಅದು ನಿನಗೆ ಈಗ ಅರ್ಥ ಆಗಲ್ಲಮ್ಮ. ಎಂಎಸ್ಸಿಯಲ್ಲಿ ಬರುತ್ತೆ. ಈಗ ಚೆನ್ನಾಗಿ ಓದು, ಕೂತ್ಕೋ."

ಹುಡುಗಿ ಕೂತಳು. ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ಆ ದಿನ ಅವಳು ಮತ್ತೆ ಕೈ ಎತ್ತಲಿಲ್ಲ.

ನನ್ನ ಈ ಬರಹ ಆ "ಅರ್ಥ ಆಗಲ್ಲಮ್ಮ" ಅನ್ನುವ ಮಾತಿನ ವಿರುದ್ಧ. ಅರ್ಥ ಹೇಳದೆ ಪದ ಎಸೆದು ಚಪ್ಪಾಳೆ ಗಿಟ್ಟಿಸುವುದು, ಅರ್ಥ ಕೇಳಿದ ಮಗುವನ್ನು ಕೂರಿಸುವುದು, ಇವೆರಡೂ ಒಂದೇ ಮೋಸದ ಎರಡು ಮುಖ. ಆ ಪ್ರಶ್ನೆಗೆ ಎಂಎಸ್ಸಿ ಬೇಕಿಲ್ಲ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ಬಸ್ಸು ಸಾಕು.

ಬಸ್ಸಲ್ಲಿ ಕೂತು ಕಲಿಯಬಹುದಾದದ್ದು

ಕಾಕತಾಳೀಯವಾಗಿ ಆ ಹುಡುಗಿಯೂ ಅವಳ ಅಜ್ಜಿಯೂ ಸಂಜೆ ನಾನಿದ್ದ ಬಸ್ಸಿಗೇ ಹತ್ತಿದರು. ನಾನೇ ಮಾತಿಗೆಳೆದೆ.

"ನಿನ್ನ ತೊಡೆ ಮೇಲಿರೋ ಬ್ಯಾಗು ಓಡ್ತಾ ಇದೆಯಾ, ನಿಂತಿದೆಯಾ?"

"ನಿಂತಿದೆ ಅಣ್ಣ."

"ಹೊರಗೆ ಮಾವಿನ ಮರದ ಕೆಳಗೆ ಕುರಿ ಮೇಯಿಸ್ತಾ ಇದ್ದಾರಲ್ಲ, ಅವರನ್ನ ಕೇಳಿದ್ರೆ?"

ಸ್ವಲ್ಪ ಯೋಚನೆ ಮಾಡಿದಳು. "ಅವ್ರಿಗೆ ಬಸ್ಸಿನ ಜೊತೆ ಓಡ್ತಾ ಇದೆ."

"ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿರೋದು?"

"ಯಾರೂ ಇಲ್ಲ."

ಸಾಪೇಕ್ಷ ಅಂದರೆ ಇಷ್ಟೇ. ಒಂದು ವಸ್ತು ಎಷ್ಟು ವೇಗದಲ್ಲಿದೆ ಅಂತ ಹೇಳಬೇಕಾದರೆ "ಯಾವುದಕ್ಕೆ ಹೋಲಿಸಿದರೆ?" ಅಂತ ಮೊದಲು ಹೇಳಬೇಕು. ಅದನ್ನು ಹೇಳದೆ ಬರೀ ವೇಗ ಹೇಳಿದರೆ ಮಾತು ಅರ್ಧ. ಮಾಲೂರು ಸ್ಟೇಷನ್ನಿನಲ್ಲಿ ಪಕ್ಕದ ಗಾಡಿ ಹೊರಟಾಗ ನಮ್ಮದೇ ಹೊರಟಿತು ಅಂತ ಬೆಚ್ಚಿಬಿದ್ದವರೆಲ್ಲರಿಗೂ ಇದು ಗೊತ್ತು. ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ನಮ್ಮ ಜನ ದಿನಾ ಈ ಪಾಠ ಓದುತ್ತಾರೆ, ಅದರ ಹೆಸರು ಮಾತ್ರ ಯಾರೂ ಅವರಿಗೆ ಹೇಳಿಲ್ಲ.

ಈಗ ಉಳಿದ ಪದಗಳನ್ನು ನೋಡಿ. ಬಸ್ಸಿನ ಒಳಗೆ ಕೂತವಳಿಗೆ ಒಂದು ಗಡಿಯಾರ, ಒಂದು ಅಳತೆಪಟ್ಟಿ ಕೊಡಿ. ಹೊರಗೆ ನಿಂತವರಿಗೂ ಒಂದೊಂದು ಕೊಡಿ. ಪುಸ್ತಕದಲ್ಲಿ ಆಧಾರ ಚೌಕಟ್ಟು, ನಿರ್ದೇಶನ ಚೌಕಟ್ಟು, ಉಲ್ಲೇಖ ಚೌಕಟ್ಟು ಅಂತೆಲ್ಲಾ ಬರೆದಿರುವುದು ಇದನ್ನೇ: ಎಲ್ಲಿ ನಿಂತು ಅಳೆಯುತ್ತಿದ್ದೇವೋ ಆ ಜಾಗ, ಅಲ್ಲಿನ ಗಡಿಯಾರ, ಅಲ್ಲಿನ ಅಳತೆಪಟ್ಟಿ. ಅಳೆಯುವವರೇ ‘ವೀಕ್ಷಕ’. ನಮ್ಮ ಕಡೆ ವೀಕ್ಷಕ ಅಂದರೆ ಎಲೆಕ್ಷನ್‌ಗೆ ಬರುವ ಅಧಿಕಾರಿ, ಇಲ್ಲಾ ಪರೀಕ್ಷೆಗೆ ಬರುವ ಸ್ಕ್ವಾಡ್. ಮಕ್ಕಳು ಹೆದರದೆ ಇನ್ನೇನು ಮಾಡುತ್ತಾರೆ?

ಬಸ್ಸು ಒಂದೇ ವೇಗದಲ್ಲಿ ನೇರವಾಗಿ, ಕುಲುಕಾಟ ಇಲ್ಲದೆ ಹೋಗುತ್ತಿದ್ದರೆ ಕಣ್ಣು ಮುಚ್ಚಿ ಕೂತವರಿಗೆ ಓಡುತ್ತಿರುವುದೇ ಗೊತ್ತಾಗುವುದಿಲ್ಲ. ಮೇಲಕ್ಕೆ ಎಸೆದ ನಾಣ್ಯ ವಾಪಸ್ ಕೈಗೇ ಬೀಳುತ್ತದೆ. ಇದು ಜಡತ್ವದ ಚೌಕಟ್ಟು. ಡ್ರೈವರ್ ಬ್ರೇಕ್ ಹಾಕಿದ ಕೂಡಲೇ ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರೆ. ಆಗ ಅದು ಜಡತ್ವದ ಚೌಕಟ್ಟಲ್ಲ. ನಮ್ಮ ರಸ್ತೆಯ ಗುಂಡಿಗಳ ಪುಣ್ಯದಿಂದ ಎರಡಕ್ಕೂ ಉದಾಹರಣೆ ಧಾರಾಳವಾಗಿ ಸಿಗುತ್ತದೆ.

ಇಲ್ಲಿಯವರೆಗಿನದ್ದು ಐನ್‌ಸ್ಟೈನ್‌ಗೆ ಮುನ್ನೂರು ವರ್ಷ ಹತ್ತಿರ ಮುಂಚೆಯೇ ಗೆಲಿಲಿಯೋ ಹೇಳಿದ್ದ. ಅವನು ಹಡಗಿನ ಉದಾಹರಣೆ ಕೊಟ್ಟ, ನಾವು ಬಸ್ಸಿನದ್ದು ಕೊಡುತ್ತಿದ್ದೇವೆ.

ಆಗ ಹುಡುಗಿ ಕೇಳಿದಳು: "ಅಣ್ಣಾ, ಬಸ್ಸಿನ ಒಳಗೆ ಮುಂದಕ್ಕೆ ನಡೆದ್ರೆ ನನ್ನ ವೇಗ ಬಸ್ಸಿನ ವೇಗಕ್ಕೆ ಸೇರುತ್ತಲ್ಲ. ಹಂಗಾದ್ರೆ ಹೆಡ್‌ಲೈಟಿನ ಬೆಳಕಿಗೂ ಸೇರುತ್ತಾ?"

ಸೇರುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಉತ್ತರ ಅದೇ. ಬಸ್ಸು ನಿಂತಿರಲಿ, ಓಡುತ್ತಿರಲಿ, ಬೆಳಕು ಖಾಲಿ ಜಾಗದಲ್ಲಿ ಸೆಕೆಂಡಿಗೆ 2,99,792 ಕಿಲೋಮೀಟರು. ಒಳಗಿನವರು ಅಳೆದರೂ ಅಷ್ಟೇ, ಹೊರಗಿನವರು ಅಳೆದರೂ ಅಷ್ಟೇ. ಹದಿನಾರರ ವಯಸ್ಸಿನಲ್ಲಿ ತಾನು ಬೆಳಕಿನ ಹಿಂದೆ ಬೆಳಕಿನಷ್ಟೇ ವೇಗವಾಗಿ ಓಡಿದರೆ ಏನು ಕಾಣಬಹುದು ಅಂತ ಐನ್‌ಸ್ಟೈನ್ ಯೋಚಿಸಿದ್ದನಂತೆ, ಅವನೇ ಬರೆದುಕೊಂಡಿದ್ದಾನೆ. ನಮ್ಮ ಹುಡುಗಿಗೆ ಹದಿನೈದು. ಅವಳನ್ನೇ ಬೆಳಿಗ್ಗೆ "ಅರ್ಥ ಆಗಲ್ಲಮ್ಮ" ಅಂತ ಕೂರಿಸಿದ್ದು.

ಎಲ್ಲವೂ ಸಾಪೇಕ್ಷ ಅಲ್ಲ, ಸ್ವಾಮಿ

ಈಗ ವೇದಿಕೆಯ ಭಾಷಣಕ್ಕೆ ಬರೋಣ. "ಎಲ್ಲವೂ ಸಾಪೇಕ್ಷ ಅಂತ ಐನ್‌ಸ್ಟೈನ್ ಹೇಳಿದ" ಅನ್ನುವುದು ಹಸಿ ಸುಳ್ಳು. ಅವನ ಸಿದ್ಧಾಂತ ಎರಡು ಸಾಪೇಕ್ಷವಲ್ಲದ ಸಂಗತಿಗಳ ಮೇಲೆ ನಿಂತಿದೆ. ಒಂದು, ಒಂದೇ ವೇಗದಲ್ಲಿ ಓಡುವ ಎಲ್ಲಾ ಚೌಕಟ್ಟಿನಲ್ಲೂ ಭೌತ ವಿಜ್ಞಾನದ ನಿಯಮ ಒಂದೇ. ಎರಡು, ಬೆಳಕಿನ ವೇಗ ಎಲ್ಲರಿಗೂ ಒಂದೇ. ಈ ಎರಡು ಕಂಬ ಅಲ್ಲಾಡುವುದಿಲ್ಲ, ಆದ್ದರಿಂದ ಕಾಲ ಮತ್ತು ಉದ್ದ ಬಗ್ಗಬೇಕಾಗುತ್ತದೆ. 1905ರ ಆ ಲೇಖನದ ತಲೆಬರಹದಲ್ಲಿ ಸಾಪೇಕ್ಷ ಅನ್ನುವ ಪದವೇ ಇಲ್ಲ. ಅದು ಚಲಿಸುವ ವಸ್ತುಗಳ ವಿದ್ಯುತ್ ಮತ್ತು ಕಾಂತದ ವಿಚಾರ.

ಸರಿ ತಪ್ಪು, ಸುಖ ದುಃಖದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಲಂಚ ತಿಂದವನು "ಎಲ್ಲಾ ಸಾಪೇಕ್ಷ ಅಲ್ವಾ" ಅಂತ ಐನ್‌ಸ್ಟೈನ್ ಹಿಂದೆ ಅವಿತುಕೊಳ್ಳಲು ಬರುವುದಿಲ್ಲ.

"ನಮ್ಮ ಹಿರಿಯರು ಎಂದೋ ಹೇಳಿದ್ದರು" ಅನ್ನುವವರಿಗೆ ಒಂದೇ ಪ್ರಶ್ನೆ. ಎಷ್ಟು ವೇಗಕ್ಕೆ ಎಷ್ಟು ಕಾಲ ಹಿಗ್ಗುತ್ತದೆ ಅಂತ ಅವರು ಎಲ್ಲಿ ಲೆಕ್ಕ ಹಾಕಿದ್ದಾರೆ, ತೋರಿಸಿ. ಹಿರಿಯರಿಗೆ ಅವರು ಮಾಡಿದ ಕೆಲಸಕ್ಕೆ ಮರ್ಯಾದೆ ಕೊಡೋಣ. ಮಾಡದೇ ಇದ್ದ ಕೆಲಸ ಅವರ ಹೆಗಲಿಗೆ ಹಾಕಿದರೆ ಅವಮಾನ ಆಗುವುದು ಅವರಿಗೇ.

ಪದಗಳ ಹತ್ತಿರ ಎಡವುವುದು ಯಾಕೆ?

ತಪ್ಪೆಲ್ಲಾ ಭಾಷಣಕಾರರದ್ದೂ ಅಲ್ಲ. ನಮ್ಮ ಮಕ್ಕಳಿಗೆ ಸಿಗುವ ಪದಗಳನ್ನೇ ನೋಡಿ.

‘ಅಪೇಕ್ಷೆ’ ಅಂದರೆ ನಮಗೆ ಆಸೆ. ಹಾಗಾದರೆ ‘ಸಾಪೇಕ್ಷ’ ಅಂದರೆ ಆಸೆಯ ಸಮೇತವೇ? ಅಪೇಕ್ಷೆಗೆ ‘ಇನ್ನೊಂದರ ಕಡೆ ನೋಡುವುದು, ಇನ್ನೊಂದನ್ನು ಅವಲಂಬಿಸುವುದು’ ಅನ್ನುವ ಹಳೆಯ ಅರ್ಥವಿದೆ ಅಂತ ಒಂದು ಸಾಲು ಹೇಳಿದ್ದರೆ ಮಗು ಆ ಪದವನ್ನು ಜನ್ಮದಲ್ಲಿ ಮರೆಯುತ್ತಿರಲಿಲ್ಲ.

‘ದೇಶಕಾಲ’ ಅಂದರೆ ಎಲ್ಲಿ ಮತ್ತು ಯಾವಾಗ ಅನ್ನುವ ಎರಡನ್ನೂ ಸೇರಿಸಿ ನೋಡುವುದು. "ನಾಳೆ ಬೆಳಿಗ್ಗೆ ಆರಕ್ಕೆ ಮುಳಬಾಗಿಲು ಬಸ್‌ಸ್ಟ್ಯಾಂಡಲ್ಲಿ ಸಿಗ್ತೀನಿ" ಅಂದರೆ ನೀವು ದೇಶಕಾಲದ ಒಂದು ಬಿಂದು ಹೇಳಿದಿರಿ. ಜಾಗ ಬಿಟ್ಟರೆ ಭೇಟಿಯಾಗಲ್ಲ, ಹೊತ್ತು ಬಿಟ್ಟರೂ ಆಗಲ್ಲ. ಇಷ್ಟು ಸಲೀಸು. ಆದರೆ ದೇಶ ಅಂದರೆ ಮಕ್ಕಳಿಗೆ ಭಾರತ. ನಾನೇ ಪಿಯುಸಿಯಲ್ಲಿ ದೇಶಕಾಲ ಅಂದರೆ ಒಂದೊಂದು ದೇಶದ ಟೈಮು ಅಂದುಕೊಂಡಿದ್ದೆ. ಇನ್ನೊಂದು ಪುಸ್ತಕದಲ್ಲಿ ‘ಆಕಾಶ’ ಅಂತ ಇತ್ತು, ತಲೆಯೆತ್ತಿ ಮೋಡ ನೋಡಿದೆ. ಮತ್ತೊಂದರಲ್ಲಿ ‘ಅವಕಾಶ’ ಅಂತ ಇತ್ತು, ನನಗೆ ಅದು ಕೊನೆವರೆಗೂ ಸಿಗಲಿಲ್ಲ.

‘ದ್ರವ್ಯರಾಶಿ’ಯಲ್ಲಿರುವ ರಾಶಿ ನಮಗೆ ಕಣದ ರಾಗಿ, ಇಲ್ಲಾ ಪಂಚಾಂಗದ ಮೇಷ ವೃಷಭ. ‘ಶಕ್ತಿ’ ಅಂದರೆ ಈಗ ಊರ ಹೆಂಗಸರಿಗೆಲ್ಲಾ ಫ್ರೀ ಬಸ್ಸು. ‘ಜ್ಯೋತಿರ್ವರ್ಷ’ದಲ್ಲಿ ವರ್ಷ ಇರುವುದರಿಂದ "ಜ್ಯೋತಿರ್ವರ್ಷಗಳ ಹಿಂದೆ" ಅಂತ ಭಾಷಣ ಬಿಗಿಯುತ್ತಾರೆ. ಅದು ದೂರ, ಕಾಲವಲ್ಲ. ಬೆಳಕು ಒಂದು ವರ್ಷದಲ್ಲಿ ಹೋಗುವಷ್ಟು ದೂರ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರು.

ಈ ಪದಗಳನ್ನು ಕಿತ್ತು ಬಿಸಾಕಿ ಅಂತ ನಾನು ಹೇಳುತ್ತಿಲ್ಲ. ವಿಜ್ಞಾನಕ್ಕೆ ಬಿಗಿಯಾದ ಪದ ಬೇಕು. ಆದರೆ ಮೊದಲ ದಿನ ಪದದ ಜೊತೆ ಬಾಗಿಲೂ ತೋರಿಸಬೇಕು. "ಇದು ನಿಮ್ಮೂರಲ್ಲಿ ಹೇಳುವ ರಾಶಿ ಅಲ್ಲ ಮಗು, ಇಲ್ಲಿ ಇದರ ಅರ್ಥ ಹೀಗೆ" ಅನ್ನುವುದಕ್ಕೆ ಎರಡು ನಿಮಿಷ ಸಾಕು.

"ಅದಕ್ಕೇ ಇಂಗ್ಲಿಷ್ ಮೀಡಿಯಂ ಬೇಕು ಅನ್ನೋದು" ಅಂತ ಕೆಲವರು ಈಗಾಗಲೇ ಕಾಮೆಂಟ್ ಟೈಪ್ ಮಾಡುತ್ತಿರಬಹುದು. ಒಂದು ಕ್ಷಣ ತಡೆಯಿರಿ. ಇಂಗ್ಲಿಷ್ ಮನೆಮಾತಾಗಿರುವ ಮಗುವಿಗೆ ಫ್ರೇಮ್, ರೆಸ್ಟ್, ಸ್ಪೇಸ್ ಎಲ್ಲಾ ಅಡುಗೆಮನೆಯ ಪದ. ಅದಕ್ಕೇ ಅದಕ್ಕೆ ಸುಲಭ. ನಮ್ಮ ಕಾನ್ವೆಂಟ್ ಮಗು ‘ಫ್ರೇಮ್ ಆಫ್ ರೆಫರೆನ್ಸ್’ ಅಂತ ಬಾಯಿಪಾಠ ಒಪ್ಪಿಸುತ್ತದೆ, "ಅಂದರೆ ಏನು ಪುಟ್ಟಾ" ಅಂತ ಕೇಳಿ ನೋಡಿ. ರೋಗ ಮಾಧ್ಯಮದಲ್ಲಿ ಇಲ್ಲ, ಅರ್ಥ ಕೇಳಲು ಬಿಡದ ಕ್ಲಾಸಿನಲ್ಲಿದೆ.

ಕಾಲ ಹಿಗ್ಗುವುದು ಅಂದರೆ

ಈಗ ನಿಜವಾಗಲೂ ಆಶ್ಚರ್ಯದ ಭಾಗ. ಬಸ್ಸಿನ ನೆಲದ ಮೇಲೆ ಒಂದು ಟಾರ್ಚ್, ಸೂರಿಗೆ ಒಂದು ಕನ್ನಡಿ. ಟಾರ್ಚಿನ ಬೆಳಕು ಮೇಲೆ ಹೋಗಿ ಕನ್ನಡಿಗೆ ತಾಗಿ ಕೆಳಗೆ ಬರುತ್ತದೆ. ಒಳಗಿರುವವಳಿಗೆ ಬೆಳಕು ನೇರ ಮೇಲೆ, ನೇರ ಕೆಳಗೆ. ಆದರೆ ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದಲ್ಲ? ಹೊರಗೆ ನಿಂತವರಿಗೆ ಬೆಳಕು ಓರೆಯಾಗಿ ಹತ್ತಿ ಓರೆಯಾಗಿ ಇಳಿದಂತೆ. ಓರೆ ದಾರಿ ಉದ್ದ. ಬೆಳಕಿನ ವೇಗ ಮಾತ್ರ ಇಬ್ಬರಿಗೂ ಒಂದೇ. ಅದೇ ವೇಗ, ಉದ್ದ ದಾರಿ, ಅಂದರೆ ಹೆಚ್ಚು ಹೊತ್ತು. ಒಂದೇ ಘಟನೆಗೆ ಹೊರಗಿನವರ ಗಡಿಯಾರದಲ್ಲಿ ಹೆಚ್ಚು ಹೊತ್ತು ಆಗಿದೆ. ಇದೇ ಕಾಲ ಹಿಗ್ಗುವಿಕೆ. ಇದಕ್ಕೆ ಮಂತ್ರವೂ ಬೇಡ, ಎಂಎಸ್ಸಿಯೂ ಬೇಡ.

ಹಾಗಾದರೆ ನಮಗೆ ಯಾಕೆ ಗೊತ್ತಾಗುವುದಿಲ್ಲ? ಗಂಟೆಗೆ 50 ಕಿಲೋಮೀಟರಿನ ಬಸ್ಸಲ್ಲಿ ಒಂದು ಗಂಟೆ ಕೂತರೆ ಬರುವ ವ್ಯತ್ಯಾಸ, ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು ನಾಲ್ಕು ಪಾಲು. ಬೆಳಕಿನ ವೇಗದ ಹತ್ತಿರ ಹೋದರೆ ಮಾತ್ರ ಇದು ಕಣ್ಣಿಗೆ ಕಾಣುವಷ್ಟಾಗುತ್ತದೆ.

ಅಷ್ಟು ವೇಗವಾಗಿ ಹೋಗುವುದು ಯಾವುದು? ಅದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ.

ಕೆಜಿಎಫ್‌ನಲ್ಲಿ ಸಿಕ್ಕಿದ್ದು ಚಿನ್ನ ಮಾತ್ರವಲ್ಲ

ಬಾಹ್ಯಾಕಾಶದಿಂದ ಬರುವ ಕಣಗಳು ನಮ್ಮ ಗಾಳಿಗೆ ಬಡಿದಾಗ, ಸುಮಾರು 15 ಕಿಲೋಮೀಟರು ಎತ್ತರದಲ್ಲಿ, ಮ್ಯುಆನ್ ಅನ್ನುವ ಕಣಗಳು ಹುಟ್ಟುತ್ತವೆ. ಅವುಗಳ ಆಯುಸ್ಸು ಸರಾಸರಿ ಒಂದು ಸೆಕೆಂಡಿನ ಹತ್ತು ಲಕ್ಷದ ಎರಡೂಕಾಲು ಪಾಲಿನಷ್ಟೂ ಇಲ್ಲ, 2.2 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕೇ ಓಡಿದರೂ 660 ಮೀಟರು. ಅಂದರೆ ಹೆಚ್ಚುಕಮ್ಮಿ ಎಲ್ಲವೂ ಆಕಾಶದಲ್ಲೇ ಸಾಯಬೇಕು. ಆದರೆ ನೀವು ಈ ಸಾಲು ಓದುತ್ತಿರುವಾಗ ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಒಂದೋ ಎರಡೋ ಮ್ಯುಆನ್ ಹಾದುಹೋಗುತ್ತಿವೆ.

ಹೇಗೆ? ಬೆಳಕಿನ ವೇಗದ ಶೇಕಡಾ 99.9ರಷ್ಟು ವೇಗದಲ್ಲಿ ಓಡುವ ಮ್ಯುಆನಿನ ಕಾಲ ನಮ್ಮ ಗಡಿಯಾರದ ಪ್ರಕಾರ ಸುಮಾರು 22 ಪಟ್ಟು ಹಿಗ್ಗುತ್ತದೆ. 660ನ್ನು 22ರಿಂದ ಗುಣಿಸಿ ನೋಡಿ: 14,520 ಮೀಟರು. ನೆಲ ಬಂತು. ಮ್ಯುಆನನ್ನು ಕೇಳಿದರೆ ಅದು ಬೇರೆ ಹೇಳುತ್ತದೆ: "ನನ್ನ ಆಯುಸ್ಸು ಅಷ್ಟೇ ಇದೆ, ನಿಮ್ಮ 15 ಕಿಲೋಮೀಟರು ಗಾಳಿಯೇ ನನಗೆ ಸುಮಾರು 680 ಮೀಟರಿಗೆ ಕುಗ್ಗಿದೆ." ಅದು ಉದ್ದ ಕುಗ್ಗುವಿಕೆ. ಲೆಕ್ಕ ಎರಡೂ ಕಡೆಯಿಂದ ತಾಳೆಯಾಗುತ್ತದೆ. ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಬ್ರೂನೊ ರೋಸಿ, ಡೇವಿಡ್ ಹಾಲ್ ಇಂಥದ್ದನ್ನು ಎಣಿಸಿ 1941ರಲ್ಲಿ ಪ್ರಕಟಿಸಿದರು.

ಅಲ್ಲಿಂದ ಹತ್ತು ವರ್ಷಕ್ಕೆ, 1951ರಲ್ಲಿ, ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಕೆಜಿಎಫ್‌ಗೆ ಬಂದರು. ಗಣಿಯಲ್ಲಿ ಇಳಿಯುತ್ತಾ ಒಂದೊಂದು ಆಳದಲ್ಲಿ ಎಷ್ಟು ಮ್ಯುಆನ್ ಉಳಿದಿವೆ ಅಂತ ಎಣಿಸಿದರು. ಆಳ ಹೋದಂತೆ ಬಂಡೆ ಅವನ್ನು ತಡೆಯುತ್ತಾ ಹೋಗುತ್ತದೆ. ತೀರಾ ಆಳದಲ್ಲಿ ಮ್ಯುಆನ್ ಕಾಟವೇ ಇಲ್ಲ ಅನ್ನುವಷ್ಟಾಯಿತು. ಅಂಥ ನಿಶ್ಶಬ್ದ ಜಾಗ ಬೇಕಿದ್ದದ್ದು ನ್ಯೂಟ್ರಿನೊ ಹಿಡಿಯಲು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರು ಕೆಳಗೆ, ಭಾರತ, ಜಪಾನ್, ಇಂಗ್ಲೆಂಡಿನವರು ಸೇರಿದ ತಂಡ ಗಾಳಿಯಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಕಂಡಿತು. ಜಗತ್ತಿನಲ್ಲಿ ಅದನ್ನು ಮೊದಲು ಕಂಡ ಎರಡು ಕಡೆಗಳಲ್ಲಿ ಇದೊಂದು. ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ, ಅದೂ ಅದೇ ವರ್ಷ.

ಉತ್ಪ್ರೇಕ್ಷೆ ಮಾಡುವುದಿಲ್ಲ. ಕೆಜಿಎಫ್‌ನಲ್ಲಿ ನಡೆದದ್ದು ಐನ್‌ಸ್ಟೈನನ ಪರೀಕ್ಷೆಯಲ್ಲ. ಆದರೆ ಕೋಲಾರದ ನೆಲಕ್ಕೆ ಮ್ಯುಆನ್ ಇಷ್ಟೊಂದು ಸಂಖ್ಯೆಯಲ್ಲಿ ಜೀವಂತ ಇಳಿಯುವುದೇ ಕಾಲ ಹಿಗ್ಗುವುದರಿಂದ. ಅವನ್ನು ಎಣಿಸಿದ್ದು ನಮ್ಮ ಗಣಿಯಲ್ಲಿ. ಪಂಜರದಲ್ಲಿ ವಿಜ್ಞಾನಿಗಳ ಜೊತೆ ಇಳಿದದ್ದು ನಮ್ಮ ಕಾರ್ಮಿಕರು. ಯಶ್ ಸಿನಿಮಾದ ಡೈಲಾಗು ನಮ್ಮ ಮಕ್ಕಳಿಗೆ ಬಾಯಿಪಾಠ, ಈ ಕತೆ ಗೊತ್ತಿಲ್ಲ. ರೇಷ್ಮೆ, ಹಾಲು, ಚಿನ್ನದ ಜಿಲ್ಲೆ ಅಂತ ಕಲಿಸುತ್ತೇವೆ, ಮ್ಯುಆನಿನ ಜಿಲ್ಲೆ ಅಂತ ಯಾರೂ ಕಲಿಸಲಿಲ್ಲ. ಗಣಿ ಮುಚ್ಚಿದ್ದು ಯಾವತ್ತು ಗೊತ್ತಾ? 2001ರ ಫೆಬ್ರವರಿ 28. ನಾವು ಪ್ರತಿವರ್ಷ ರಾಮನ್ ಫೋಟೋಗೆ ಹಾರ ಹಾಕುವ ಅದೇ ದಿನ.

"ಹಳ್ಳಿಯವರಿಗೆ ಇದೆಲ್ಲಾ ಯಾಕೆ?"

ಕೊನೆಯದಾಗಿ ಈ ಮಾತು ಬಂದೇ ಬರುತ್ತದೆ. ಟೊಮೆಟೊ ಬಾಕ್ಸಿಗೆ ರೇಟ್ ಇಲ್ಲ, ಬೋರ್‌ವೆಲ್‌ನಲ್ಲಿ ನೀರಿಲ್ಲ, ನಿಮಗೆ ಐನ್‌ಸ್ಟೈನ್ ಚಿಂತೆ.

ನಿಮ್ಮ ಜೇಬಿನ ಫೋನ್ ತೆಗೆಯಿರಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ಫೋಟೋ ಹಾಕಿ ಅನ್ನುತ್ತಾರೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ನೋಡುತ್ತೀರಿ. ಇವೆಲ್ಲಾ ನಡೆಯುವುದು ಉಪಗ್ರಹಗಳ ಗಡಿಯಾರದಿಂದ. ಜಿಪಿಎಸ್ ಉಪಗ್ರಹ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತದೆ. ಅದರ ವೇಗದಿಂದಾಗಿ ಅದರ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ 7 ಮೈಕ್ರೋಸೆಕೆಂಡ್ ನಿಧಾನ. ಭೂಮಿಯ ಸೆಳೆತ ಅಲ್ಲಿ ಕಡಿಮೆ ಇರುವುದರಿಂದ 45 ಮೈಕ್ರೋಸೆಕೆಂಡ್ ಮುಂದೆ. ಮೊದಲನೆಯದು 1905ರ ವಿಶೇಷ ಸಾಪೇಕ್ಷತೆ, ಎರಡನೆಯದು 1915ರ ಸಾಮಾನ್ಯ ಸಾಪೇಕ್ಷತೆ. ಎರಡೂ ಸೇರಿ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ. ಇದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕ ದಿನಕ್ಕೆ ಹತ್ತು ಕಿಲೋಮೀಟರಿಗಿಂತ ಹೆಚ್ಚು ತಪ್ಪುತ್ತಾ ಹೋಗುತ್ತದೆ. ಶ್ರೀನಿವಾಸಪುರದ ನಿಮ್ಮ ಮಾವಿನ ತೋಟವನ್ನು ನಾಲ್ಕೇ ದಿನದಲ್ಲಿ ಮುಳಬಾಗಿಲಿನಲ್ಲೋ ಆಂಧ್ರದಲ್ಲೋ ಹುಡುಕಬೇಕಾದೀತು.

ನಿಮ್ಮ ಜಮೀನು ಎಲ್ಲಿದೆ ಅಂತ ಹೇಳುವುದರಲ್ಲಿ ಈ ವಿದ್ಯೆ ಕೆಲಸ ಮಾಡುತ್ತಿದೆ. ನಿಮಗೆ ಅದು ಯಾಕೆ ಅನ್ನುವವರು, ನೀವು ಫೋನ್ ಒತ್ತುವವರಾಗಿ ಮಾತ್ರ ಇರಲಿ ಅಂತ ಬಯಸುತ್ತಾರೆ. ಅದನ್ನು ಮಾಡುವವರು ಬೇರೆ ಊರಿನವರ ಮಕ್ಕಳಾಗಿರಲಿ ಅಂತ.

ಒಪ್ಪುತ್ತೇನೆ, ಸಾಮಾನ್ಯ ಸಾಪೇಕ್ಷತೆಯ ಗಣಿತ ನಿಜಕ್ಕೂ ಕಷ್ಟ. ಅದಕ್ಕೆ ವರ್ಷಗಟ್ಟಲೆ ಓದು ಬೇಕು. ಪದದ ಅರ್ಥ ತಿಳಿದ ಮಾತ್ರಕ್ಕೆ ಸಿದ್ಧಾಂತ ಬಂದಂತಲ್ಲ. ಆದರೆ ಪದದ ಹತ್ತಿರವೇ ಹೆದರಿ ವಾಪಸ್ ಹೋದ ಮಗು ಆ ಗಣಿತದ ತನಕ ಹೋಗುವುದು ಹೇಗೆ?

ಹೋಗಬಹುದು ಅನ್ನುವುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ ಹಳ್ಳಿ ಶಾಲೆಯಿಂದ ಹೊರಟು ಅಮೆರಿಕದಲ್ಲಿ ಭೌತ ವಿಜ್ಞಾನದ ಡಾಕ್ಟರೇಟ್ ಪಡೆದು ಬಂದರು. ಪ್ರಶ್ನೆ ಕೇಳಿ ಅಂತ ಜೀವಮಾನವಿಡೀ ಹೇಳಿದರು. ಸರಳ ಕನ್ನಡದ ಮಾಸ್ತಿ ಮಾಲೂರು ತಾಲ್ಲೂಕಿನವರು. ಪತ್ರಕರ್ತರೂ ಆಗಿದ್ದ ಡಿವಿಜಿ ಮುಳಬಾಗಿಲಿನವರು. ಇಂಥ ನೆಲದಲ್ಲಿ ಒಂದು ಪದದ ಅರ್ಥ ಹೇಳಲು ಕನ್ನಡ ಸಾಲದು ಅನ್ನುವುದು ನಾಚಿಕೆಗೇಡು.

ಮೇಷ್ಟ್ರುಗಳೇ, ಬೋರ್ಡಿನ ಮೇಲೆ ಹೊಸ ಪದ ಬರೆದ ದಿನ ಅದರ ಪಕ್ಕ ಊರಿನ ಒಂದು ಉದಾಹರಣೆ ಬರೆಯಿರಿ. ನಿಮಗೇ ಗೊತ್ತಿಲ್ಲದಿದ್ದರೆ "ನಾಳೆ ನೋಡಿಕೊಂಡು ಬಂದು ಹೇಳ್ತೀನಿ" ಅನ್ನಿ, ಮರ್ಯಾದೆ ಹೋಗುವುದಿಲ್ಲ. ಅತಿಥಿಗಳೇ, ಮುಂದಿನ ಫೆಬ್ರವರಿ 28ಕ್ಕೆ ನಿಮ್ಮನ್ನು ಕರೆದರೆ ಕೆಜಿಎಫ್‌ನ ಮ್ಯುಆನ್ ಕತೆ ಹೇಳಿ. ಇಲ್ಲವಾದರೆ ಐನ್‌ಸ್ಟೈನನ್ನು ಅವನ ಪಾಡಿಗೆ ಬಿಡಿ.

ಅಜ್ಜಿ ಅಷ್ಟೂ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಕೋಲಾರದಲ್ಲಿ ಇಳಿಯುವಾಗ ಅಂದರು: "ಅಲ್ಲಪ್ಪಾ, ಇಷ್ಟು ಹೇಳೋಕೆ ಆ ಸಾಹೇಬ್ರು ಯಾಕೆ ಮಗೂನ ಕೂರಿಸಿದ್ರು?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾನಲ್ಲ.